ಹಿಮಕ್ಕಿಂತ ಸೋನೆಗೆ ಹೆದರಬೇಕು

ಅಮ್ಮ ಮೊದಲ ಸಲ ಡಾಲಸ್‌ಗೆ ಬಂದಿದ್ದ ಜನವರಿಯಲ್ಲಿ, ಊರಿನ ರೂಢಿಯಂತೆ ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟರು. ನಾನು ರಾತ್ರಿ ಪಾಳಿ ಮುಗಿಸಿಕೊಂಡು ಬರುವಷ್ಟರಲ್ಲಿ ಮೆಟ್ಟಿಲಿನ ಮೇಲೆ ಗಾಜು ಹಾಸಿದಂತಾಗಿತ್ತು. ರಂಗೋಲಿಯ ಪುಡಿ ಆ ಗಾಜಿನೊಳಗೆ ಸಿಕ್ಕಿಕೊಂಡಿತ್ತು. ಕಂಬ ಹಿಡಿದುಕೊಂಡು ಮನೆಯೊಳಗೆ ಹೋದೆ. ‘ಹಿಮ ಬೀಳಲೇ ಇಲ್ಲವಲ್ಲ, ಇದು ಹೇಗಾಯಿತು?’ ಎಂದು ಅಮ್ಮ ಕೇಳಿದರು.

ಹವಾಮಾನ ಮುನ್ಸೂಚನೆ ನನ್ನ ಕಸುಬು. ಯಾವ ರಸ್ತೆ ಎಷ್ಟು ಹೊತ್ತಿಗೆ ಜಾರತೊಡಗುತ್ತದೆ ಎಂದು ಲಾರಿ ಓಡಿಸುವವರಿಗೆ ಹೇಳುವುದು ಚಳಿಗಾಲದಲ್ಲಿ ನನ್ನ ಮುಖ್ಯ ಕೆಲಸ. ಅಮ್ಮ ಕೇಳಿದ ಪ್ರಶ್ನೆಯಲ್ಲೇ ಟೆಕ್ಸಸ್‌ನ ಉತ್ತರ ಭಾಗದ ಚಳಿಗಾಲದ ಗುಟ್ಟೆಲ್ಲ ಇದೆ. ಇಲ್ಲಿ ಜನರನ್ನು ಆಸ್ಪತ್ರೆ ಸೇರಿಸುವುದು ಹಿಮವಲ್ಲ, ನೀರು. ಆದರೂ ‘ಚಳಿ ಮಾರುತ ಬರುತ್ತಿದೆ’ ಎಂಬ ಸುದ್ದಿ ಬಂದ ಕೂಡಲೇ ಗೆಳೆಯರು ಫೋನ್ ಮಾಡಿ ಕೇಳುವುದು ಒಂದೇ: ಎಷ್ಟು ಇಂಚು ಹಿಮ ಬೀಳಬಹುದು? ನಾಲ್ಕು ಇಂಚು ಹಿಮ ಬಿದ್ದರೆ ಮಕ್ಕಳಿಗೆ ರಜೆ, ಫೋಟೊಗಳಿಗೆ ಬರವಿಲ್ಲ. ಕಾಲು ಇಂಚು ಮಂಜುಗಡ್ಡೆ ಕಟ್ಟಿದರೆ ಮರ ಮುರಿಯುತ್ತದೆ, ತಂತಿ ಹರಿಯುತ್ತದೆ. ಇಲ್ಲಿನ ರಾಷ್ಟ್ರೀಯ ಹವಾಮಾನ ಸೇವೆ ಸಾಮಾನ್ಯವಾಗಿ ಆ ಕಾಲು ಇಂಚಿಗೇ, ಅಂದರೆ ಆರು ಮಿಲಿಮೀಟರಿಗೇ, ಮಂಜುಗಡ್ಡೆ ಮಾರುತದ ಎಚ್ಚರಿಕೆ ಹೊರಡಿಸುತ್ತದೆ.

ಇಲ್ಲಿ ‘ಫ್ರೀಜಿಂಗ್ ರೇನ್’ ಎನ್ನುವ ಮಳೆಗೆ ಕನ್ನಡದಲ್ಲಿ ಹೆಸರಿಲ್ಲ. ನಮ್ಮ ನೆಲದಲ್ಲಿ ಅದು ಬೀಳುವುದಿಲ್ಲವಾದ್ದರಿಂದ ಹೆಸರು ಬೇಕಾಗಲೂ ಇಲ್ಲ. ಆಲಿಕಲ್ಲು ಬೇರೆ, ಅದು ಬೇಸಿಗೆಯ ಗುಡುಗು ಮಳೆಯ ಕೂಸು. ನನ್ನ ಟಿಪ್ಪಣಿ ಪುಸ್ತಕದಲ್ಲಿ ನಾನು ಇದನ್ನು ‘ಹೆಪ್ಪುಮಳೆ’ ಎಂದು ಬರೆದುಕೊಳ್ಳುತ್ತೇನೆ. ಕಣ್ಣಿಗೆ ಇದು ಬರೀ ಮಳೆ, ಹನಿ ಹನಿಯಾಗಿಯೇ ಬೀಳುತ್ತದೆ. ಆದರೆ ಆ ಹನಿ ಸೊನ್ನೆ ಡಿಗ್ರಿಗಿಂತ ಕೆಳಗಿಳಿದಿದ್ದರೂ ನೀರಾಗಿಯೇ ಉಳಿದಿರುತ್ತದೆ. ಹಾಲು ಮೊಸರಾಗಲು ಒಂದು ಚಮಚ ಹೆಪ್ಪು ಬೇಕಲ್ಲ, ಹಾಗೆಯೇ ಈ ಹನಿ ಗಟ್ಟಿಯಾಗಲು ಏನಾದರೊಂದು ತಾಗಬೇಕು. ಟೊಂಗೆ, ತಂತಿ, ಸೇತುವೆ, ಕಾರಿನ ಗಾಜು, ಅಮ್ಮ ರಂಗೋಲಿ ಬಿಟ್ಟ ಮೆಟ್ಟಿಲು, ಯಾವುದಾದರೂ ಸರಿ. ತಾಗಿದ್ದೇ ತಡ, ಅಲ್ಲೇ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತದೆ.

ಹಿಮವೋ, ಹರಳೋ, ಹೆಪ್ಪುಮಳೆಯೋ ಎಂಬುದು ತೀರ್ಮಾನವಾಗುವುದು ತಲೆಯ ಮೇಲಿನ ಒಂದೆರಡು ಕಿಲೋಮೀಟರ್ ಗಾಳಿಯಲ್ಲಿ. ಮೋಡದಿಂದ ಹೊರಡುವಾಗ ಎಲ್ಲವೂ ಹಿಮದ ಎಸಳೇ. ಮೆಕ್ಸಿಕೋ ಕೊಲ್ಲಿಯಿಂದ ಬರುವ ಬೆಚ್ಚನೆಯ ತೇವದ ಗಾಳಿ ನೆಲದಿಂದ ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಹರಡಿಕೊಂಡಿದ್ದರೆ, ಎಸಳು ಅದರೊಳಗೆ ಹಾಯುವಾಗ ಕರಗಿ ಹನಿಯಾಗುತ್ತದೆ. ಅದರ ಕೆಳಗೆ, ನೆಲಕ್ಕೆ ಅಂಟಿಕೊಂಡು, ಉತ್ತರದಿಂದ ಬಂದ ಕೊರೆಯುವ ಗಾಳಿ ಇರುತ್ತದೆ. ಆ ತಣ್ಣನೆಯ ಪದರ ಒಂದು ಕಿಲೋಮೀಟರಿನಷ್ಟು ದಪ್ಪವಾಗಿದ್ದರೆ ಹನಿ ದಾರಿಯಲ್ಲೇ ಮತ್ತೆ ಗಟ್ಟಿಯಾಗಿ, ಸಬ್ಬಕ್ಕಿ ಚೆಲ್ಲಿದಂತೆ ಟಪಟಪನೆ ಪುಟಿಯುತ್ತದೆ. ಆ ಹರಳನ್ನು ಇಲ್ಲಿ ಸ್ಲೀಟ್ ಎನ್ನುತ್ತಾರೆ. ಪದರ ಕೆಲವೇ ನೂರು ಮೀಟರಿನದಾದರೆ ಗಟ್ಟಿಯಾಗಲು ಸಮಯ ಸಾಲದೆ ಹನಿ ಹಾಗೆಯೇ ನೆಲ ಮುಟ್ಟುತ್ತದೆ. ಮೇಲಿನ ಬಿಸಿ ಪದರ ಮೂರು ಡಿಗ್ರಿ ದಾಟಿದೆಯೋ, ಒಂದರಲ್ಲೇ ನಿಂತಿದೆಯೋ ಎಂಬುದರ ಮೇಲೆ ಇಡೀ ಊರಿನ ಮರುದಿನದ ಗತಿ ನಿಂತಿರುತ್ತದೆ. ಇದನ್ನು ಅಳೆಯಲು ಪಕ್ಕದ ಊರು ಫೋರ್ಟ್‌ವರ್ತ್‌ನಿಂದ ದಿನಕ್ಕೆ ಎರಡು ಸಲ ಬಲೂನ್ ಹಾರಿಸುತ್ತಾರೆ, ಬೆಳಗ್ಗೆ ಆರರ ಲೆಕ್ಕಕ್ಕೊಮ್ಮೆ, ಸಂಜೆ ಆರರ ಲೆಕ್ಕಕ್ಕೊಮ್ಮೆ. ನಡುವಿನ ಹನ್ನೆರಡು ಗಂಟೆ ನಮ್ಮಂಥವರ ಅಂದಾಜಿನ ಪಾಲು. ಡಾಲಸ್‌ನ ಉತ್ತರದ ಬಡಾವಣೆಯಲ್ಲಿ ಹಿಮ, ದಕ್ಷಿಣದ ಬಡಾವಣೆಯಲ್ಲಿ ಹೆಪ್ಪುಮಳೆ ಬಿದ್ದರೆ ‘ನಿಮ್ಮ ಮುನ್ಸೂಚನೆ ಸುಳ್ಳಾಯಿತು’ ಎಂದು ಇಬ್ಬರೂ ಫೋನ್ ಮಾಡುತ್ತಾರೆ.

ಇನ್ನು ಮೊಬೈಲ್ ತೋರಿಸುವ ಮೂರು ಡಿಗ್ರಿಯ ವಿಷಯ. ‘ಮೂರು ಇದೆಯಲ್ಲ, ಸೊನ್ನೆಗೆ ಇನ್ನೂ ದೂರ’ ಎಂದುಕೊಂಡು ಕಾರು ಹತ್ತುವವರೇ ಹೆಚ್ಚು. ಮಣ್ಣಿನ ಮಡಕೆಯ ನೀರು ಏಕೆ ತಣ್ಣಗಿರುತ್ತದೆ? ಹೊರಮೈಯಿಂದ ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಗಾಳಿ ಒಣಗಿದ್ದಷ್ಟೂ ಮಡಕೆ ಚೆನ್ನಾಗಿ ತಂಪಾಗುತ್ತದೆ, ಮಳೆಗಾಲದಲ್ಲಿ ಅಷ್ಟಕ್ಕಷ್ಟೆ. ಇಲ್ಲಿ ಇಡೀ ಊರೇ ಮಡಕೆ. ಉತ್ತರದ ಗಾಳಿ ಒಣ ಗಾಳಿ. ಅದರಲ್ಲಿ ಮಳೆ ಬೀಳತೊಡಗಿದಾಗ ಮೊದಲ ಹನಿಗಳು ಆವಿಯಾಗಿ ಗಾಳಿಯನ್ನೇ ತಣಿಸುತ್ತವೆ. ಗಾಳಿಯ ತೇವ ಇಬ್ಬನಿಯಾಗಲು ಅದು ಎಷ್ಟು ಡಿಗ್ರಿಗೆ ತಣಿಯಬೇಕೋ ಅದು ಇಬ್ಬನಿ ಬಿಂದು (ಡ್ಯೂ ಪಾಯಿಂಟ್); ಅದು ಕೆಳಗಿದ್ದಷ್ಟೂ ಗಾಳಿ ಒಣ. ಉಷ್ಣಾಂಶ ಮೂರು ಡಿಗ್ರಿ, ಇಬ್ಬನಿ ಬಿಂದು ಮೈನಸ್ ಏಳು ಇದ್ದರೆ, ಮಳೆ ಹಿಡಿದ ಮೇಲೆ ಗಾಳಿ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ ಇಳಿಯಬಲ್ಲದು. ಮಳೆಗೆ ಮುಂಚೆ ನಾನು ಉಷ್ಣಾಂಶವನ್ನು ನೋಡುವುದಕ್ಕಿಂತ ಹೆಚ್ಚು ಸಲ ಇಬ್ಬನಿ ಬಿಂದುವನ್ನು ನೋಡುತ್ತೇನೆ. ಬಹುತೇಕ ಮೊಬೈಲ್ ಆ್ಯಪ್‌ಗಳಲ್ಲಿ ಅದು ಸಿಗುತ್ತದೆ, ಸ್ವಲ್ಪ ಕೆಳಗೆ ಸರಿಸಬೇಕು ಅಷ್ಟೆ.

ನಾನು ಎಡವಿದ್ದು ಬೇರೆ ಕಡೆ. ಒಂದು ವರ್ಷ ಉತ್ತರದ ಗಾಳಿ ಮಧ್ಯಾಹ್ನ ಎರಡಕ್ಕೆ ತಲುಪುತ್ತದೆ ಎಂದು ಹವಾಮಾನ ಲೆಕ್ಕ ಹಾಕುವ ಗಣಕ ಮಾದರಿಗಳು ಒಕ್ಕೊರಲಿನಿಂದ ಹೇಳಿದವು, ನಾನೂ ಹಾಗೆಯೇ ಬರೆದುಕೊಟ್ಟೆ. ಗಾಳಿ ಬೆಳಗ್ಗೆ ಹತ್ತಕ್ಕೇ ಬಂದಿಳಿಯಿತು. ಅಷ್ಟರಲ್ಲಿ ಲಾರಿಗಳು ಹೊರಟಾಗಿತ್ತು. ಯಾರಿಗೂ ಪೆಟ್ಟಾಗಲಿಲ್ಲ ಎಂಬುದು ನನ್ನ ಪುಣ್ಯ. ಆರ್ಕ್‌ಟಿಕ್‌ನ ಗಾಳಿ ತೂಕದ್ದು, ತೆಳ್ಳನೆಯದು. ಚಾಪೆಯ ಕೆಳಗೆ ನೀರು ನುಸುಳುವ ಹಾಗೆ ನೆಲ ಹಿಡಿದು ನುಸುಳುತ್ತದೆ. ಅಷ್ಟು ತೆಳುವಾದ ಪದರ ಗಣಕ ಮಾದರಿಗಳ ಕೈಗೆ ಸರಿಯಾಗಿ ಸಿಗುವುದಿಲ್ಲ, ಅವು ಅದನ್ನು ತಡವಾಗಿ ತಂದು ಮುಟ್ಟಿಸುತ್ತವೆ. ಅಂದಿನಿಂದ ನಾನು ಮಾದರಿಯ ಜೊತೆಗೆ ಉತ್ತರದ ಊರುಗಳನ್ನೂ ಕೇಳುತ್ತೇನೆ: ವಿಚಿಟಾದಲ್ಲಿ ಗಾಳಿ ಎಷ್ಟು ಹೊತ್ತಿಗೆ ತಿರುಗಿತು, ಒಕ್ಲಹೋಮಾ ಸಿಟಿಯಲ್ಲಿ ಒಂದು ಗಂಟೆಯಲ್ಲಿ ಎಷ್ಟು ಡಿಗ್ರಿ ಬಿತ್ತು? ಟೆಕ್ಸಸ್‌ನ ಹಳಬರು ಹೇಳುವ ಮಾತೊಂದಿದೆ: ನಮಗೂ ಉತ್ತರ ಧ್ರುವಕ್ಕೂ ನಡುವೆ ಇರುವುದು ಒಂದು ಮುಳ್ಳುತಂತಿಯ ಬೇಲಿ ಮಾತ್ರ. ಕೆನಡಾದಿಂದ ಇಲ್ಲಿಯವರೆಗೆ ಅಡ್ಡ ನಿಲ್ಲುವ ಬೆಟ್ಟಸಾಲಿಲ್ಲ. ನಮ್ಮ ಕಡೆಗೆ ಹಿಮಾಲಯ ಅಡ್ಡ ನಿಂತಿದೆ. ಬೆಂಗಳೂರಿನ ದಾಖಲೆಯ ಚಳಿ 1884ರ ಜನವರಿ 13ರ 7.8 ಡಿಗ್ರಿ. ಡಾಲಸ್‌ನಲ್ಲಿ ಜನವರಿಯ ಬೆಳಗ್ಗೆ ಅಷ್ಟಿದ್ದರೆ ಜನ ಅರ್ಧ ತೋಳಿನ ಅಂಗಿಯಲ್ಲಿ ನಾಯಿ ಕರೆದುಕೊಂಡು ಹೊರಡುತ್ತಾರೆ.

ಹೆಪ್ಪುಮಳೆಗೆ ಒಂದು ವಿಚಿತ್ರ ಗುಣವಿದೆ, ಅದು ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ಪ್ರತಿ ಗ್ರಾಂ ನೀರು ಗಟ್ಟಿಯಾಗುವಾಗ 80 ಕ್ಯಾಲೊರಿ ಶಾಖ ಹೊರಬೀಳುತ್ತದೆ. ಸುತ್ತಲಿನ ಗಾಳಿ ಆ ಶಾಖದಿಂದ ಬೆಚ್ಚಗಾಗಿ, ಸೊನ್ನೆ ಮುಟ್ಟಿ, ಕೊನೆಗೆ ಮಾಮೂಲಿ ಮಳೆಯೇ ಆಗಿಬಿಡುತ್ತದೆ. ಉತ್ತರದಿಂದ ಒಣ ಚಳಿಗಾಳಿ ಬಿಡದೆ ಬರುತ್ತಿದ್ದರೆ ಮಾತ್ರ ಅದು ಮುಂದುವರಿಯುತ್ತದೆ. 1998ರ ಜನವರಿಯಲ್ಲಿ ಕೆನಡಾದ ಮಾಂಟ್ರಿಯಲ್ ಸುತ್ತಮುತ್ತ ಆದದ್ದು ಇದೇ. ಸೇಂಟ್ ಲಾರೆನ್ಸ್ ಕಣಿವೆ ಚಳಿಗಾಳಿಯನ್ನು ಕೊಳವೆಯಲ್ಲಿ ಹರಿಸಿದಂತೆ ತಂದುಕೊಟ್ಟಿತು, ಹೆಪ್ಪುಮಳೆ ದಿನಗಟ್ಟಲೆ ಬಿತ್ತು, ಉಕ್ಕಿನ ವಿದ್ಯುತ್ ಗೋಪುರಗಳು ಸಾಲಾಗಿ ಮಡಿಸಿಕೊಂಡು ಬಿದ್ದವು. ಲೆಕ್ಕ ಹಾಕಿ ನೋಡಿ: ಎರಡು ಸೆಂಟಿಮೀಟರ್ ದಪ್ಪದ ತಂತಿಯ ಸುತ್ತ ಅರ್ಧ ಇಂಚು ಮಂಜುಗಡ್ಡೆ ಕಟ್ಟಿದರೆ ನೂರು ಮೀಟರ್ ತಂತಿಗೆ ಸುಮಾರು 120 ಕಿಲೋ ಹೆಚ್ಚಿನ ಭಾರ. ಮರಕ್ಕೂ ಅದೇ ಗತಿ. 2023ರ ಫೆಬ್ರವರಿ ಮೊದಲಲ್ಲಿ ಆಸ್ಟಿನ್ ಕತ್ತಲಾದದ್ದು ಹೆಚ್ಚಾಗಿ ಲೈವ್ ಓಕ್ ಮರಗಳಿಂದ. ಅವು ಚಳಿಗಾಲದಲ್ಲೂ ಎಲೆ ಉದುರಿಸುವುದಿಲ್ಲ. ಒಂದೊಂದು ಎಲೆಯೂ ಮಂಜುಗಡ್ಡೆ ಹೊತ್ತು ನಿಂತಿತು, ಟೊಂಗೆಗಳು ಮುರಿದು ತಂತಿಗಳ ಮೇಲೆ ಬಿದ್ದವು.

ಜೋರು ಮಳೆಗಿಂತ ಸೋನೆಗೆ ಹೆಚ್ಚು ಹೆದರಬೇಕು ಎಂದು ನಾನು ಹೇಳುವುದೂ ಇದಕ್ಕೇ. ಜೋರು ಮಳೆಯ ನೀರಿನ ಬಹುಪಾಲು ಗಟ್ಟಿಯಾಗುವ ಮೊದಲೇ ಹರಿದುಹೋಗುತ್ತದೆ. ಸೋನೆ ನಿಧಾನವಾಗಿ, ಒಂದು ಹನಿಯನ್ನೂ ಬಿಡದೆ ಅಂಟಿಸುತ್ತದೆ. 2021ರ ಫೆಬ್ರವರಿ 11ರ ಬೆಳಗಿನ ಜಾವ ಫೋರ್ಟ್‌ವರ್ತ್‌ನಲ್ಲಿ ಬಿದ್ದದ್ದು ಲಘು ಮಳೆ ಅಷ್ಟೆ. ಎತ್ತರದಲ್ಲಿ ಕಟ್ಟಿದ ಹೆದ್ದಾರಿಯ ಒಂದು ಭಾಗದಲ್ಲಿ 133 ವಾಹನಗಳು ಒಂದಕ್ಕೊಂದು ಗುದ್ದಿದವು, ಆರು ಜನ ಸತ್ತರು. ಸೇತುವೆಗೆ ಕೆಳಗಿನಿಂದಲೂ ಚಳಿಗಾಳಿ ಬಡಿಯುತ್ತದೆ. ನೆಲದ ರಸ್ತೆಗೆ ಮಣ್ಣಿನ ಬಿಸಿಯ ಆಸರೆಯಾದರೂ ಇದೆ. ಒದ್ದೆಯಾಗಿ ಕಾಣುವ ರಸ್ತೆಯಲ್ಲಿ ಮುಂದಿನ ಕಾರಿನ ಚಕ್ರದಿಂದ ನೀರು ಚಿಮ್ಮುವುದು ನಿಂತರೆ, ಅದು ಒಣಗಿದ ರಸ್ತೆಯಲ್ಲ. ಬ್ರೇಕ್ ಒತ್ತದೆ, ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆಯಬೇಕು.

ರಸ್ತೆಗೆ ಮೊದಲೇ ಉಪ್ಪುನೀರು ಸಿಂಪಡಿಸುತ್ತಾರೆ ನಿಜ. ಮೊದಲು ಮಾಮೂಲಿ ಮಳೆ ಬಂದರೆ ಅದು ತೊಳೆದುಹೋಗುತ್ತದೆ. ಸುಮಾರು ಮೈನಸ್ ಒಂಬತ್ತು ಡಿಗ್ರಿಯ ಕೆಳಗೆ ಮಾಮೂಲಿ ಉಪ್ಪಿನ ಆಟ ಹೆಚ್ಚು ನಡೆಯುವುದೂ ಇಲ್ಲ. ಮಂಜುಗಡ್ಡೆಯ ಬೆನ್ನಿಗೇ ಶೀತ ಅಲೆ ಬರುವ ವಾರ ನನಗೆ ನಿದ್ದೆ ಬಾರದಿರಲು ಇದು ಕಾರಣ. ಮಂಜುಗಡ್ಡೆ ಮಾತ್ರ ಬಂದು ಮರುದಿನ ಬಿಸಿಲು ಬಿದ್ದರೆ ಮಧ್ಯಾಹ್ನಕ್ಕೆ ಎಲ್ಲ ಕರಗಿ ಚರಂಡಿ ಸೇರುತ್ತದೆ. ಒಣ ಚಳಿ ಮಾತ್ರ ಬಂದರೆ ಕೋಟು ಹಾಕಿಕೊಂಡು ಓಡಾಡಬಹುದು. ಮೊದಲು ಮಂಜುಗಡ್ಡೆ, ಆಮೇಲೆ ಚಳಿ ಎಂಬ ಕ್ರಮದಲ್ಲಿ ಬಂದರೆ ಮುರಿದ ತಂತಿಯನ್ನು ಸರಿಪಡಿಸುವ ಲಾರಿಯೂ ಅಲ್ಲಿಗೆ ಹೋಗಲಾರದು. ಹಾಗಾಗಿ ಎಷ್ಟು ಬೀಳುತ್ತದೆ ಎಂದು ಕೇಳುವವರಿಗೆ ನಾನು ತಿರುಗಿ ಕೇಳುತ್ತೇನೆ: ಬಿದ್ದ ಮೇಲೆ ಎಷ್ಟು ಗಂಟೆ ಸೊನ್ನೆಯ ಕೆಳಗೆ ಇರುತ್ತದೆ, ನೋಡಿದಿರಾ?

2021ರಲ್ಲಿ ಅದು ದಿನಗಳ ಲೆಕ್ಕವಾಯಿತು. ಜನವರಿ 5ರಂದು ಧ್ರುವದ ಮೇಲಿನ ವಾಯುಮಂಡಲದ ಎತ್ತರದ ಪದರ ಹಠಾತ್ತನೆ ಬಿಸಿಯಾಗಿತ್ತು, ಅದರಿಂದಲೇ ಫೆಬ್ರವರಿಯ ಚಳಿ ಬಂತು ಎಂದು ಆಮೇಲೆ ಬಹಳ ಮಂದಿ ಬರೆದರು. ಐದು ವಾರದ ಅಂತರವಿರುವ ಎರಡು ಸಂಗತಿಗಳನ್ನು ಅಷ್ಟು ಸಲೀಸಾಗಿ ಗಂಟು ಹಾಕುವುದು ನನಗೆ ಒಪ್ಪಿಗೆಯಿಲ್ಲ. ಅಂಥ ಬಿಸಿಯಾಗುವಿಕೆ ಚಳಿಯ ಸಾಧ್ಯತೆ ಹೆಚ್ಚಿಸುತ್ತದೆ, ಊರಿನ ವಿಳಾಸ ಬರೆದುಕೊಡುವುದಿಲ್ಲ. ಫೆಬ್ರವರಿ 16ರ ಬೆಳಗ್ಗೆ ಡಾಲಸ್ ವಿಮಾನ ನಿಲ್ದಾಣದಲ್ಲಿ ಮೈನಸ್ 19 ಡಿಗ್ರಿ ದಾಖಲಾಯಿತು. ಅನಿಲ ಬಾವಿಗಳೂ ವಿದ್ಯುತ್ ಸ್ಥಾವರಗಳೂ ಹೆಪ್ಪುಗಟ್ಟಿ 45 ಲಕ್ಷ ಮನೆಗಳಿಗೆ ಕರೆಂಟ್ ಹೋಯಿತು. ರಾಜ್ಯದ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಸತ್ತವರು 246 ಮಂದಿ, ಹೆಚ್ಚಿನವರು ಚಳಿಯಿಂದಲೇ. ಕೆಲವರು ಮನೆಯೊಳಗೆ ಇದ್ದಿಲ ಒಲೆ ಹಚ್ಚಿ, ಮುಚ್ಚಿದ ಗ್ಯಾರೇಜಿನಲ್ಲಿ ಕಾರು ಚಾಲೂ ಇಟ್ಟು, ಕಾರ್ಬನ್ ಮಾನಾಕ್ಸೈಡ್‌ಗೆ ಬಲಿಯಾದರು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು ಬಂದು ಎಚ್ಚರ ತಪ್ಪುತ್ತದೆ, ಮಲಗಿದ್ದವರಿಗೆ ಅದೂ ಗೊತ್ತಾಗದಿರಬಹುದು.

ಗಾಳಿಯ ಚಳಿ, ಅಂದರೆ ‘ವಿಂಡ್ ಚಿಲ್’, ಬಗ್ಗೆ ಎರಡು ಮಾತು. ಮೈನಸ್ ಹತ್ತು ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಟಿವಿಯಲ್ಲಿ ಮೈನಸ್ ಇಪ್ಪತ್ತು ಎನ್ನುತ್ತಾರೆ. ಅದು ಮಗುವಿನ ಕೆನ್ನೆಯ ಲೆಕ್ಕ. ನೀರಿನ ಕೊಳವೆ ಗಾಳಿಯಿಂದ ಬೇಗ ತಣ್ಣಗಾಗಬಹುದು, ಆದರೆ ಮೈನಸ್ ಹತ್ತಕ್ಕಿಂತ ಕೆಳಗೆ ಇಳಿಯದು. ಕೊಳವೆ ಒಡೆಯಲು ಮೈನಸ್ ಹತ್ತೇ ಧಾರಾಳವಾಗಿ ಸಾಕು ಎನ್ನುವುದು ಬೇರೆ ಮಾತು. ಇಲ್ಲಿನ ಬಹಳಷ್ಟು ಮನೆಗಳಲ್ಲಿ ಕೊಳವೆಗಳು ಅಟ್ಟದ ಮೇಲೆ ಹಾಯುತ್ತವೆ. ಅಲ್ಲಿ ಹೀಟರಿನ ಬಿಸಿ ತಲುಪುವುದಿಲ್ಲ. ನೀರು ಗಟ್ಟಿಯಾಗುವಾಗ ಒಂಬತ್ತು ಪ್ರತಿಶತ ಹಿಗ್ಗುತ್ತದೆ, ಒತ್ತಡ ಹೊರಹೋಗಲು ದಾರಿಯಿಲ್ಲದೆ ಕೊಳವೆ ಸೀಳುತ್ತದೆ. ಆದ್ದರಿಂದ ರಾತ್ರಿಯಿಡೀ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡಬೇಕು. ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಟ್ಟರೆ ಮನೆಯ ಬಿಸಿ ಕೊಳವೆಗೂ ತಾಗುತ್ತದೆ. ಮುಖ್ಯ ಕೊಳವೆಯನ್ನು ಮುಚ್ಚುವ ವಾಲ್ವ್ ಎಲ್ಲಿದೆ ಎಂದು ಹಗಲಿನಲ್ಲೇ ನೋಡಿಟ್ಟುಕೊಳ್ಳಿ. ಅಟ್ಟದಿಂದ ನೀರು ಸುರಿಯುವಾಗ ಟಾರ್ಚ್ ಹಿಡಿದು ಹುಡುಕಿದ ಅನುಭವ ನನಗಿದೆ.

ಅಮ್ಮನಿಗೆ ಇದೆಲ್ಲ ಹೇಳಿದ್ದೆ. ಅವರು ಬದುಕಿಡೀ ಬಾವಿಯಿಂದ ನೀರು ಸೇದಿದವರು, ತೊಟ್ಟಿಕ್ಕುವ ನಲ್ಲಿಯನ್ನು ಕಂಡರೆ ಸುಮ್ಮನಿರಲಾರದವರು. ರಾತ್ರಿ ಎರಡು ಗಂಟೆಗೆ ಎದ್ದು ನೋಡಿದರೆ ಅಡುಗೆಮನೆ ನಿಶ್ಶಬ್ದವಾಗಿತ್ತು, ನಲ್ಲಿ ಬಿಗಿಯಾಗಿ ತಿರುಗಿಸಿತ್ತು. ಮತ್ತೆ ಸಡಿಲಿಸಿ ಮಲಗಿದೆ. ಬೆಳಗ್ಗೆ ಎದ್ದಾಗ ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು. ಅದರ ಕೆಳಗೆ, ಸಿಂಕಿನೊಳಗೆ, ಮನೆಯಲ್ಲಿದ್ದ ಅತಿ ದೊಡ್ಡ ಪಾತ್ರೆ ಅರ್ಧ ತುಂಬಿ ಕೂತಿತ್ತು. ಪಕ್ಕದಲ್ಲಿ ಖಾಲಿ ಮಾಡಿಟ್ಟ ಇನ್ನೊಂದು ಪಾತ್ರೆ.