ಮರಿಗಳು ಹೋದರೆ ತಾಯಿ ನಾಯಿ ಕೊರಗುತ್ತಾಳಾ?

ಪ್ರಶ್ನೆ: ಮರಿ ಹಾಕಿದ ನಾಯಿಯನ್ನು ಫೋಸ್ಟರ್ ಮಾಡುತ್ತಿದ್ದೇನೆ, ಅಂದರೆ ಬೇರೆ ಮನೆ ಸಿಗುವವರೆಗೆ ನೋಡಿಕೊಳ್ಳುತ್ತಿದ್ದೇನೆ. ಮರಿಗಳಿಗೆ 8 ವಾರ ತುಂಬುತ್ತಾ ಬಂತು, ಎಲ್ಲಕ್ಕೂ ಮನೆ ಸಿಕ್ಕಿದೆ. ತಾಯಿಯ ಮುಖ ನೋಡಿದರೆ ಸಂಕಟವಾಗುತ್ತದೆ. ಒಂದು ಮರಿಯನ್ನಾದರೂ ಅವಳ ಜೊತೆ ಉಳಿಸಿ, ಇಬ್ಬರನ್ನೂ ಒಂದೇ ಮನೆಗೆ ಕೊಡಬಹುದಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಮರಿಗಳ ಸಂಖ್ಯೆ ಬದಲಾಗುತ್ತದೆ, ತಾಯಿಯ ಬಣ್ಣ ಬದಲಾಗುತ್ತದೆ, ‘ಒಂದಾದರೂ ಇರಲಿ’ ಅನ್ನುವುದು ಮಾತ್ರ ಹಾಗೇ ಇರುತ್ತದೆ. ಬೇಡ. ಸಂಕಟ ಪಡುತ್ತಿರುವುದು ನೀವು, ಅವಳಲ್ಲ.

ಕಳೆದ ಒಂದು ತಿಂಗಳು ಅವಳು ಏನು ಮಾಡಿದಳು ಅಂತ ನೆನಪು ಮಾಡಿಕೊಳ್ಳಿ. ಸುಮಾರು 3 ವಾರಕ್ಕೆ ಮರಿಗಳಿಗೆ ಹಲ್ಲು ಬರಲು ಶುರುವಾಗುತ್ತದೆ. ಸೂಜಿಯಂಥ ಹಲ್ಲು. ಅಲ್ಲಿಯವರೆಗೆ ಮಲಗಿ ಹಾಲು ಕೊಡುತ್ತಿದ್ದವಳು ಆಮೇಲೆ ನಿಂತು ಕೊಡುತ್ತಾಳೆ. ಒಂದು ಮರಿ ಇನ್ನೂ ಮೊಲೆಗೆ ಜೋತುಬಿದ್ದಿರುವಾಗಲೇ ಎದ್ದು ನಡೆದುಬಿಡುತ್ತಾಳೆ. 5ನೇ ವಾರದ ಹೊತ್ತಿಗೆ ಗುರ್ ಅನ್ನುತ್ತಾಳೆ, ಮೂತಿಯಿಂದ ಮರಿಯನ್ನು ನೆಲಕ್ಕೆ ಒತ್ತುತ್ತಾಳೆ. ಆಗ ನನಗೆ ವಿಡಿಯೋ ಬರುತ್ತದೆ, ‘ಸ್ವಂತ ಮರಿಗಳ ಮೇಲೇ ಸಿಟ್ಟು ಮಾಡ್ತಾಳೆ, ಏನಾಗಿದೆ?’ ಏನೂ ಆಗಿಲ್ಲ. ಮೊಲೆ ಬಿಡಿಸುತ್ತಿದ್ದಾಳೆ. ರಜೆ ಚೀಟಿ ಬರೆಯೋಕೆ ಬರಲ್ಲ, ಅದಕ್ಕೆ ಗುರ್ ಅನ್ನುತ್ತಾಳೆ. ಮರಿಗಳು ಹತ್ತಲಾಗದಷ್ಟು ಎತ್ತರದ ಜಾಗ ಒಂದನ್ನು ಮಾಡಿಕೊಡಿ. ದಿನದ ಅರ್ಧ ಅಲ್ಲೇ ಮಲಗಿರುತ್ತಾಳೆ. ಕೊರಗುವ ತಾಯಿ ಹಾಗೆ ಮಾಡ್ತಾಳಾ?

ಕೊನೆಯ ಮರಿ ಹೋದ ಮೇಲೆ ಒಂದೆರಡು ದಿನ ಹಾಸಿಗೆ ಮೂಸಿ ಹುಡುಕಬಹುದು, ಕುಂಯ್‌ಗುಡಬಹುದು. ಇಲ್ಲ ಅನ್ನುವುದಿಲ್ಲ. ಆದರೆ ನೀವು ದುಃಖ ಅಂದುಕೊಂಡಿದ್ದರಲ್ಲಿ ಬಹಳಷ್ಟು ಮೊಲೆನೋವು. ಹಾಲು ಕುಡಿಯುತ್ತಿರುವ ಮರಿಗಳನ್ನೆಲ್ಲ ಒಂದೇ ದಿನ ಕಳಿಸಿಬಿಟ್ಟರೆ ಹಾಲು ಕಟ್ಟಿಕೊಳ್ಳುತ್ತದೆ. ಆದ್ದರಿಂದ ಮೊದಲೇ ದಿನಕ್ಕೊಂದಿಷ್ಟು ಹೊತ್ತು ಬೇರೆ ಇಡುತ್ತಾ ಬನ್ನಿ, ಮರಿಗಳನ್ನು ಒಂದೊಂದಾಗಿ ಕಳಿಸಿ. ಹಾಲು ಕೊಡುವಾಗ ಜಾಸ್ತಿ ಮಾಡಿದ್ದ ಊಟವನ್ನು ನಿಧಾನಕ್ಕೆ ಇಳಿಸಿ. ಪಾಪ ಅಂತ ಹಾಲು ಹಿಂಡಬೇಡಿ, ಹಿಂಡಿದಷ್ಟೂ ಬರುತ್ತದೆ. ಒಂದು ಮೊಲೆ ಬಿಸಿಯಾಗಿ, ಕೆಂಪಾಗಿ, ಗಟ್ಟಿಯಾದರೆ ಅಥವಾ ಅವಳು ಊಟ ಬಿಟ್ಟರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಈಗ ಆ ‘ಒಂದು ಮರಿ’ ಏನು ಮಾಡುತ್ತದೆ ನೋಡಿ. ಚೀಪುತ್ತಲೇ ಇರುತ್ತದೆ, ಹಾಲು ಬೇಗ ಬತ್ತುವುದಿಲ್ಲ. ಜನರ ಜೊತೆ ಬೆರೆಯಬೇಕಾದ ವಯಸ್ಸಿನಲ್ಲಿ ಅಮ್ಮನ ಬೆನ್ನ ಹಿಂದೆ ಅಡಗುತ್ತದೆ. ಹೆಣ್ಣಾದರೆ ಬೆಳೆದ ಮೇಲೆ ತಾಯಿ ಮಗಳೇ ಕಚ್ಚಾಡಬಹುದು. ಗಂಡಾದರೆ, ಮರಿಯಾಗದಂತೆ ಮಾಡಿಸುವ ಆಪರೇಷನ್ ತಡವಾದರೆ, ತಾಯಿ ಮಗ ಅನ್ನುವ ಸಂಬಂಧ ನಾಯಿಗಳಿಗೆ ಗೊತ್ತಿಲ್ಲ. ಇಷ್ಟರ ಮೇಲೆ ಎರಡು ನಾಯಿ ತೆಗೆದುಕೊಳ್ಳುವ ಮನೆ ಎಷ್ಟಿವೆ? ನಿಮ್ಮ ಕರುಣೆಯಿಂದ ಇಬ್ಬರೂ ಕಾಯುತ್ತಾ ಕೂರಬೇಕಾಗುತ್ತದೆ.

ಉಳಿದದ್ದು ಸುಲಭ. ಹಾಲು ಬತ್ತಿದ ಮೇಲೆ ಆಪರೇಷನ್. ಸಾಮಾನ್ಯವಾಗಿ ಮೊಲೆ ಬಿಟ್ಟ ಕೆಲವು ವಾರಕ್ಕೆ ಆಗುತ್ತದೆ, ದಿನವನ್ನು ಡಾಕ್ಟರೇ ನೋಡಿ ಹೇಳಲಿ. ‘ಈಗ ತಾನೇ ಮರಿ ಹಾಕಿದ್ದಾಳೆ, ಇಷ್ಟು ಬೇಗ ಬೆದೆಗೆ ಬರಲ್ಲ’ ಅಂತ ನಂಬಿ ಗಂಡು ನಾಯಿಗಳ ಹತ್ತಿರ ಬಿಡಬೇಡಿ. ಬಸಿರಾದರೆ ಸುಮಾರು 63 ದಿನಕ್ಕೆ ಮತ್ತೆ ಬಾಣಂತನ ನಿಮ್ಮದೇ. ಜಂತುಹುಳದ ಔಷಧಿ ಮರಿಗಳಿಗೆ ಕೊಡುವಾಗ ತಾಯಿಗೂ ಕೊಡಿಸಿ. ದುಂಡು ಹುಳ ಅನ್ನುವ ಜಂತುವಿನ ಮರಿಹುಳಗಳು ತಾಯಿಯ ಹಾಲಿನ ಮೂಲಕವೂ ನಾಯಿಮರಿಗಳಿಗೆ ದಾಟುತ್ತವೆ. ಲಸಿಕೆ ಮರೆಯಬೇಡಿ.

ಅವಳಿಗೆ ಮನೆ ಬೇಕು ಅಂತ ಪೋಸ್ಟ್ ಬರೆಯುವುದನ್ನು ಮಾತ್ರ ಮರಿಗಳು ಹೋಗುವವರೆಗೆ ತಡೆಯಿರಿ. ಮರಿ ಕಾಯುವಾಗ ಬಂದವರಿಗೆಲ್ಲ ಗುರ್ ಅಂದವಳು ಆಮೇಲೆ ಹೊಟ್ಟೆ ಮೇಲೆ ಮಾಡಿ ಮಲಗುತ್ತಾಳೆ. 2-3 ವಾರ ನಿಮ್ಮ ಜೊತೆ ಒಬ್ಬಳೇ ಇರಲಿ. ಬೆಲ್ಟ್ ಹಾಕಿ ನಡೆಯುವುದು, ಒಂಟಿಯಾಗಿ ಇರುವುದು, ಹೊರಗೆ ಹೋಗಿ ಉಚ್ಚೆ ಮಾಡುವುದು ಕಲಿಯಲಿ. ಆಮೇಲೆ ಬರೆಯಿರಿ. ಎಷ್ಟು ದೊಡ್ಡದಾಗುತ್ತಾಳೆ, ಎಂಥ ಸ್ವಭಾವ ಅನ್ನುವುದು ಮರಿಯ ವಿಷಯದಲ್ಲಿ ಊಹೆ, ಇವಳ ವಿಷಯದಲ್ಲಿ ಕಣ್ಣೆದುರಿಗಿದೆ. ಇದನ್ನು ಹೇಳಿಕೊಂಡೇ ನಾನು ಎಷ್ಟೋ ತಾಯಿಯರನ್ನು ಮನೆ ಸೇರಿಸಿದ್ದೇನೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಕೂದಲಿನ ವಿಷಯ. ಮರಿ ಹಾಕಿ 2-3 ತಿಂಗಳಿಗೆ, ಅಂದರೆ ಸರಿಯಾಗಿ ನೀವು ಫೋಟೋ ತೆಗೆಯುವ ಹೊತ್ತಿಗೆ, ಕೂದಲು ಹಿಡಿ ಹಿಡಿಯಾಗಿ ಉದುರಬಹುದು. ಹಾರ್ಮೋನ್ ಏರಿಳಿತದ ಕೆಲಸ ಅದು, ಮತ್ತೆ ಬರುತ್ತದೆ. ಕೆರೆತ, ಕೆಂಪು, ದುಂಡು ಬೋಳು ಕಂಡರೆ ಮಾತ್ರ ಚರ್ಮ ತೋರಿಸಿ. ಮೊಲೆಗಳು ಕುಗ್ಗಿದರೂ ಪೂರ್ತಿ ಮೊದಲಿನಂತಾಗುವುದಿಲ್ಲ. ಅವಳನ್ನು ಕರೆದೊಯ್ಯುವವರಿಗೆ ಇದನ್ನು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಮೂರನೇ ದಿನ ಫೋನ್ ಬರುತ್ತದೆ, ‘ಇವಳು ಮತ್ತೆ ಬಸಿರಾ?’