ಬಿಪಿಡಿ: ‘ವಾಸಿಯಾಗಲ್ಲ’ ಎಂದವರ ಮಾತು ಸುಳ್ಳಾದ ಬಗೆ

ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಅಥವಾ ಬಿಪಿಡಿ ಎಂಬ ಮಾನಸಿಕ ಕಾಯಿಲೆಯನ್ನು ಬೈಪೋಲಾರ್ ಎಂಬ ಇನ್ನೊಂದು ಕಾಯಿಲೆ ಎಂದುಕೊಳ್ಳುವವರೇ ಜಾಸ್ತಿ. ಎರಡೂ ಬೇರೆ. ಬೈಪೋಲಾರ್‌ನಲ್ಲಿ ಮನಸ್ಸಿನ ಏರಿಳಿತ ದಿನಗಟ್ಟಲೆ, ವಾರಗಟ್ಟಲೆ ನಡೆಯುತ್ತದೆ. ಬಿಪಿಡಿಯಲ್ಲಿ ಕೆಲವೇ ಗಂಟೆಗಳಲ್ಲಿ ಎಲ್ಲ ಬುಡಮೇಲು. ಮೆಸೇಜಿಗೆ ಉತ್ತರ ತಡವಾದರೂ ಸಾಕು, ‘ನನ್ನ ಕೈಬಿಟ್ಟರು’ ಎಂಬ ಭಯ ಹತ್ತುತ್ತದೆ. ಆಮೇಲೆ ಸಿಟ್ಟು, ಅದರ ಬೆನ್ನಿಗೇ ನಾಚಿಕೆ. ಒಳಗೆಲ್ಲ ಖಾಲಿ ಎನಿಸುವುದು, ತನ್ನನ್ನೇ ನೋಯಿಸಿಕೊಳ್ಳುವುದೂ ಇದರ ಲಕ್ಷಣಗಳೇ.

1938ರಲ್ಲಿ ನ್ಯೂಯಾರ್ಕಿನ ಮನೋವಿಶ್ಲೇಷಕ ಅಡಾಲ್ಫ್ ಸ್ಟರ್ನ್ ಇಂಥ ರೋಗಿಗಳ ಬಗ್ಗೆ ಬರೆದರು. ನ್ಯೂರೋಸಿಸ್‌ಗೂ (ಆತಂಕದಂಥ ತೊಂದರೆ) ಸೇರದ, ಸೈಕೋಸಿಸ್‌ಗೂ (ವಾಸ್ತವದ ಅರಿವು ತಪ್ಪುವುದು) ಸೇರದ ಇವರಿಗೆ ‘ಗಡಿರೇಖೆ’ಯ ಹೆಸರು ಬಿತ್ತು. 1980ರಲ್ಲಿ ಅದು ಮಾನಸಿಕ ಕಾಯಿಲೆಗಳನ್ನು ಪಟ್ಟಿಮಾಡುವ ಅಮೆರಿಕದ ಡಿಎಸ್‌ಎಂ ಕೈಪಿಡಿ ಸೇರಿತು. ಅಷ್ಟರಲ್ಲಿ ‘ನಾಟಕ ಮಾಡ್ತಾರೆ, ವಾಸಿಯಾಗಲ್ಲ’ ಎಂಬ ಮಾತು ಆಸ್ಪತ್ರೆಗಳಲ್ಲಿ ಬೇರೂರಿತ್ತು. ಚಿಕಿತ್ಸೆ ಫಲಿಸದಿದ್ದರೆ ತಪ್ಪೆಲ್ಲ ರೋಗಿಯ ತಲೆಗೆ. ನೋವಿನಲ್ಲಿರುವವರ ಮೇಲೆ ಹೊರಿಸಿದ ಇನ್ನೊಂದು ಹೊರೆ ಅದು.

ಗಾಳಿ ತಿರುಗಿದ್ದು ಅಮೆರಿಕದ ಸಿಯಾಟಲ್‌ನಲ್ಲಿ. ಅಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್, ಮತ್ತೆ ಮತ್ತೆ ಸಾಯಲು ಹೊರಟ ಮಹಿಳೆಯರ ಜೊತೆ ಕೆಲಸ ಮಾಡುತ್ತಿದ್ದರು. ‘ನೀವು ಬದಲಾಗಬೇಕು’ ಎಂದರೆ ‘ಎಲ್ಲ ನನ್ನದೇ ತಪ್ಪಾ?’ ಎಂದು ಅವರು ಕುಗ್ಗುತ್ತಿದ್ದರು. ಸುಮ್ನೆ ಸಮಾಧಾನ ಹೇಳಿದರೆ ಏನೂ ಬದಲಾಗುತ್ತಿರಲಿಲ್ಲ. ಕೊನೆಗೆ ಲಿನೆಹನ್ ಎರಡನ್ನೂ ಸೇರಿಸಿದರು: ನಿಮ್ಮ ನೋವು ನಿಜ, ಅದನ್ನು ನಿಭಾಯಿಸಲು ಕಲಿಯಬೇಕಾದ್ದೂ ನಿಜ. ಇದೇ ಡಿಬಿಟಿ, ಅಂದರೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ.

ರೋಗಿ ಪ್ರತಿದಿನ ಒಂದು ಡೈರಿ ಕಾರ್ಡ್ ತುಂಬಬೇಕು. ಇವತ್ತು ಸಂಕಟ ಎಷ್ಟಿತ್ತು, ನೋಯಿಸಿಕೊಳ್ಳುವ ತುಡಿತ ಎಷ್ಟಿತ್ತು, ಕಲಿತ ಯಾವ ಉಪಾಯ ಬಳಸಿದೆ, ಎಲ್ಲವೂ ಅದರಲ್ಲಿ. ವಾರದ ಭೇಟಿಯಲ್ಲಿ ಥೆರಪಿಸ್ಟ್ ಮೊದಲು ನೋಡುವುದೇ ಆ ಕಾರ್ಡ್. ಜೊತೆಗೆ ವಾರಕ್ಕೊಮ್ಮೆ ಗುಂಪಿನಲ್ಲಿ ಪಾಠ. ಸಂಕಟ ಉಕ್ಕಿದಾಗ ಮುಖಕ್ಕೆ ತಣ್ಣೀರು ಹಿಡಿಯುವಂಥ ಸರಳ ಉಪಾಯಗಳನ್ನೂ ಅಲ್ಲಿ ಕಲಿಸುತ್ತಾರೆ. ತಣ್ಣೀರು ತಾಗಿದರೆ ಎದೆಬಡಿತ ನಿಧಾನವಾಗುತ್ತದೆ. ನಡುವೆ ಥೆರಪಿಸ್ಟ್‌ಗೆ ಫೋನ್ ಕೂಡ ಮಾಡಬಹುದು. ಆದರೆ ನೋಯಿಸಿಕೊಂಡ ಮೇಲಲ್ಲ, ಅದಕ್ಕೂ ಮುಂಚೆ ಮಾಡಬೇಕು.

1991ರಲ್ಲಿ ಒಂದು ವರ್ಷದ ಪ್ರಯೋಗದ ಫಲಿತಾಂಶ ಹೊರಬಂತು. ಡಿಬಿಟಿ ಪಡೆದವರಲ್ಲಿ ನೋಯಿಸಿಕೊಳ್ಳುವುದು ಕಡಿಮೆಯಾಗಿತ್ತು, ಚಿಕಿತ್ಸೆ ಬಿಟ್ಟುಹೋದವರೂ ಕಡಿಮೆ. 20 ವರ್ಷಗಳ ನಂತರ, 2011ರಲ್ಲಿ, ಲಿನೆಹನ್ ಒಂದು ವಿಷಯ ಬಹಿರಂಗವಾಗಿ ಹೇಳಿದರು. 17ರ ವಯಸ್ಸಿನಲ್ಲಿ ಹಾರ್ಟ್‌ಫರ್ಡ್‌ನ ಮಾನಸಿಕ ಆಸ್ಪತ್ರೆಯಲ್ಲಿ ಅವರೂ ಇಂಥದೇ ಸಂಕಟ ಅನುಭವಿಸಿದ್ದರು. ಅದನ್ನು ತಿಳಿದವರು ಎಷ್ಟೋ ಜನ ಅಂದು ಧೈರ್ಯ ತಂದುಕೊಂಡಿರಬೇಕು.

‘ವಾಸಿಯಾಗಲ್ಲ’ ಎಂಬ ಮಾತಿಗೂ ಉತ್ತರ ಸಿಕ್ಕಿತು. ಅಮೆರಿಕದ ಮೆಕ್‌ಲೀನ್ ಮಾನಸಿಕ ಆಸ್ಪತ್ರೆಯಲ್ಲಿ 290 ಬಿಪಿಡಿ ರೋಗಿಗಳನ್ನು ವರ್ಷಾನುಗಟ್ಟಲೆ ಗಮನಿಸಿದ ಮೇರಿ ಝನಾರಿನಿ ತಂಡ 2010ರಲ್ಲಿ 10 ವರ್ಷಗಳ ಲೆಕ್ಕ ಕೊಟ್ಟಿತು: 93% ಜನರಲ್ಲಿ ಲಕ್ಷಣಗಳು ಕನಿಷ್ಠ 2 ವರ್ಷ ಶಮನವಾಗಿದ್ದವು. ಆದರೆ ಕೆಲಸ, ಸಂಬಂಧಗಳೂ ಸರಿಹೋಗಿ ಪೂರ್ತಿ ಚೇತರಿಸಿಕೊಂಡವರು 50% ಮಾತ್ರ.

ಇದಕ್ಕೆಂದೇ ಮಾತ್ರೆ ಇಲ್ಲ. ಬಿಪಿಡಿಗೆಂದು ಔಷಧಿ ಕೊಡಬೇಡಿ ಎಂದು ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2009ರಲ್ಲೇ ಹೇಳಿತು. ಜೊತೆಗಿರುವ ಖಿನ್ನತೆಗೆ ಮಾತ್ರೆ ಬೇಕಾಗಬಹುದು, ಅದು ಬೇರೆ ವಿಷಯ. ಮುಖ್ಯ ಚಿಕಿತ್ಸೆ ಮಾತೇ. ಅದಕ್ಕೆ ವಾರವಾರವೂ ಸಮಯ ಬೇಕು, ತರಬೇತಾದವರು ಬೇಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ದೂರದ ತಾಲ್ಲೂಕಿನಿಂದ ವಾರವಾರ ಬಸ್ಸು ಹತ್ತಿ ಬರುವುದು ಎಷ್ಟು ಜನರಿಗೆ ಸಾಧ್ಯ? 2022ರಿಂದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ತಡೆಯಲಾಗದ ರಾತ್ರಿಗಳಿಗೆ ಅದು ಆಸರೆ. ವರ್ಷಗಟ್ಟಲೆಯ ಥೆರಪಿ ಮಾತ್ರ ಹತ್ತಿರದ ಜಿಲ್ಲಾಸ್ಪತ್ರೆಯಲ್ಲೇ ಸಿಗುವಂತಾಗಬೇಕು.