ಕ್ಲಾಗಿಂಗ್: ಹಿಮ್ಮಡಿ ನೆಲ ಮುಟ್ಟುವ ಲೆಕ್ಕ

ಕ್ಲಾಗಿಂಗ್ ಎಂಬುದು ಪಾದದ ಸದ್ದಿನಲ್ಲೇ ತಾಳ ಹಿಡಿಯುವ ಕುಣಿತ; ಗೊಂದಲ ಅದರ ಹೆಸರಿನಲ್ಲೇ ಇದೆ. ಕ್ಲಾಗ್ ಎಂದರೆ ಮರದ ಅಟ್ಟೆಯ ಪಾದರಕ್ಷೆ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಹತ್ತಿ ಗಿರಣಿ ಕಾರ್ಮಿಕರು ಆಲ್ಡರ್ ಮರದ ಅಟ್ಟೆಗೆ ಕಬ್ಬಿಣದ ಪಟ್ಟಿ ಹೊಡೆದ ಕ್ಲಾಗ್ ಮೆಟ್ಟಿ ಕುಣಿಯುತ್ತಿದ್ದರು. ಹುಡುಗ ಚಾರ್ಲಿ ಚಾಪ್ಲಿನ್ ಊರೂರು ಸುತ್ತಿದ್ದು ಅಂಥ ಕ್ಲಾಗ್ ಕುಣಿತದ ಒಂದು ತಂಡದ ಜೊತೆ. ನಾವು ಕಲಿಯುತ್ತಿರುವ ಕ್ಲಾಗಿಂಗ್ ಮಾತ್ರ ಅಮೆರಿಕದ ಅಪಲಾಚಿಯನ್ ಬೆಟ್ಟಸೀಮೆಯದು; ಅದಕ್ಕೆ ಮರದ ಅಟ್ಟೆ ಬೇಕಿಲ್ಲ.

18ನೇ ಶತಮಾನದಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್, ಇಂಗ್ಲೆಂಡುಗಳಿಂದ ಬಂದು ಆ ಬೆಟ್ಟಗಳಲ್ಲಿ ನೆಲೆಸಿದವರು ತಮ್ಮ ಹೆಜ್ಜೆಗಳನ್ನೂ ಪಿಟೀಲನ್ನೂ ತಂದರು. ಬ್ಯಾಂಜೊ ಎಂಬ ತಂತಿವಾದ್ಯ ಬಂದದ್ದು ಆಫ್ರಿಕನ್ ಮೂಲದವರಿಂದ. ಬಾಗಿದ ಮೊಣಕಾಲು, ನೆಲಕ್ಕೆ ಹತ್ತಿರವಾದ ಪಾದ, ತಾಳದ ನಡುವಿನ ಪೆಟ್ಟುಗಳಲ್ಲೂ ಅವರ ಬಕ್ ಡ್ಯಾನ್ಸಿಂಗ್ ಎಂಬ ಹೆಜ್ಜೆ ಕುಣಿತದ ಛಾಯೆ ದಟ್ಟವಾಗಿದೆ. ಕ್ಲಾಗಿಂಗನ್ನು ಬರೀ ಐರಿಶ್ ಕುಣಿತದ ಮರಿ ಎಂದು ಬರೆದರೆ ಅರ್ಧ ಇತಿಹಾಸವೇ ಬಿಟ್ಟುಹೋಗುತ್ತದೆ.

ಒಬ್ಬೊಬ್ಬರೇ ಕುಣಿಯುತ್ತಿದ್ದದ್ದು ಗುಂಪಿನ ಕುಣಿತವಾಗಿ ವೇದಿಕೆ ಏರಿದ್ದರಲ್ಲಿ ಜಾನಪದ ಹಾಡುಗಾರ ಬ್ಯಾಸ್ಕಮ್ ಲಮಾರ್ ಲನ್ಸ್‌ಫರ್ಡ್ 1928ರಲ್ಲಿ ಉತ್ತರ ಕ್ಯಾರೊಲಿನಾದ ಆಶ್‌ವಿಲ್‌ನಲ್ಲಿ ಶುರು ಮಾಡಿದ ಉತ್ಸವದ ಪಾಲು ದೊಡ್ಡದು. ಸ್ಯಾಮ್ ಕ್ವೀನ್ ಅವರ ಸೋಕೊ ಗ್ಯಾಪ್ ತಂಡ 1939ರಲ್ಲಿ ಶ್ವೇತಭವನದಲ್ಲಿ ಬ್ರಿಟನ್ನಿನ ರಾಜದಂಪತಿಯ ಮುಂದೆ ಕುಣಿಯಿತು. ಎಲ್ಲರೂ ಒಂದೇ ಹೆಜ್ಜೆ ಹಾಕುವ ಪ್ರಿಸಿಶನ್ ಶೈಲಿ ಬಂದದ್ದು ಆಮೇಲೆ. 2005ರಲ್ಲಿ ಉತ್ತರ ಕ್ಯಾರೊಲಿನಾ ಕ್ಲಾಗಿಂಗನ್ನು ತನ್ನ ರಾಜ್ಯದ ಜಾನಪದ ನೃತ್ಯವೆಂದು ಘೋಷಿಸಿತು.

ಈಗ ಹೆಜ್ಜೆಗೆ ಬರೋಣ. ಮೊದಲು ಡಬಲ್ ಸ್ಟೆಪ್. ಎಡಗಾಲಿನ ಮುಂಗಾಲನ್ನು ನೆಲಕ್ಕೆ ಸವರಿ ಮುಂದೆ, ಮತ್ತೆ ಸವರಿ ಹಿಂದೆ, ಆಮೇಲೆ ಅದೇ ಕಾಲನ್ನು ಊರಿ. ಒಟ್ಟು ಮೂರು ಸದ್ದು. ಸವರುವ ಎರಡೂ ತಾಳಕ್ಕೆ ಮುಂಚೆ, ಊರುವುದು ಸರಿಯಾಗಿ ತಾಳದ ಮೇಲೆ. ಬಾಯಲ್ಲಿ 'ತಕ ತೋಂ' ಅಂದುಕೊಳ್ಳಿ, 'ತೋಂ' ಬಂದಾಗ ಹಿಮ್ಮಡಿ ಕೆಳಗಿರಬೇಕು. ನಂತರ ರಾಕ್ ಸ್ಟೆಪ್: ಬಲಗಾಲಿನ ಮುಂಗಾಲನ್ನು ಹಿಂದೆ ಅರೆ ಎಣಿಕೆ ಊರಿ, ತಾಳಕ್ಕೆ ಎಡಗಾಲಿಗೆ ಮರಳಿ. ಇವೆರಡೂ ಸೇರಿದರೆ ಎರಡು ಎಣಿಕೆಯ ಬೇಸಿಕ್. ಎಡ, ಬಲ, ಎಡ ಎಂದು ಮೂರು ಡಬಲ್ ಸ್ಟೆಪ್, ಕೊನೆಗೊಂದು ರಾಕ್ ಸ್ಟೆಪ್ ಹಾಕಿದರೆ ನಾಲ್ಕು ಎಣಿಕೆಯ ಟ್ರಿಪಲ್. ಎರಡರಲ್ಲೂ ಭಾರ ಎಡಗಾಲಿನ ಮೇಲೇ ಮುಗಿಯುವುದರಿಂದ ಮುಂದಿನ ಸುತ್ತು ಬಲಗಾಲಿನದು.

ಮೊಣಕಾಲು ತಾಳಕ್ಕೆ ಬಾಗುತ್ತದೆ, ನಡುವಿನ ಅರೆ ಎಣಿಕೆಯಲ್ಲಿ ನೆಟ್ಟಗಾಗುತ್ತದೆ. ಇದು ತಿರುಗುಮುರುಗಾದರೆ ಹೆಜ್ಜೆಗಳೆಲ್ಲ ಸರಿಯಿದ್ದರೂ ನೆಗೆತದಂತೆ ಕಾಣುತ್ತದೆ, ಕ್ಲಾಗಿಂಗ್ ಅನ್ನಿಸುವುದಿಲ್ಲ. ಹೆಚ್ಚಿನವರು ತಪ್ಪುವುದು ಸವರುವಾಗ: ಸೊಂಟದಿಂದ ಇಡೀ ಕಾಲನ್ನು ಬೀಸಿದರೆ ಪಾದ ದೂರ ಹೋಗಿ ಮರಳುವುದು ತಡವಾಗುತ್ತದೆ, 'ತೋಂ' ತಾಳ ತಪ್ಪುತ್ತದೆ. ಕಣಕಾಲು ಸಡಿಲ ಬಿಟ್ಟು, ಮೊಣಕಾಲಿನಿಂದ ಕೆಳಗಷ್ಟೇ ಆಡಿಸಿ. ರಾಕ್‌ನಲ್ಲಿ ಇಡೀ ಭಾರವನ್ನು ಹಿಂದಕ್ಕೆ ಒರಗಿಸಿದರೂ ಇದೇ ಗತಿ.

ಶೂಗೆ ಹಾಕುವ ಜಿಂಗಲ್ ಟ್ಯಾಪ್‌ನಲ್ಲಿ ಎರಡು ತಗಡು: ಒಂದು ಅಟ್ಟೆಗೆ ಬಿಗಿ, ಇನ್ನೊಂದು ಸಡಿಲ. ಸಡಿಲ ತಗಡು ಬಿಗಿ ತಗಡಿಗೆ ಬಡಿದೇ ಆ ಝಣ್ ಸದ್ದು. ಮುಂಗಾಲಿಗೊಂದು ಜೋಡಿ, ಹಿಮ್ಮಡಿಗೊಂದು ಜೋಡಿ. ಹೊಸಬರು ಮೊದಲು ಟ್ಯಾಪ್ ಇಲ್ಲದ ಚರ್ಮದ ಅಟ್ಟೆಯಲ್ಲೇ ಅಭ್ಯಾಸ ಮಾಡುವುದು ಒಳ್ಳೆಯದು, ಸಡಿಲ ತಗಡಿನ ಸದ್ದಿನಲ್ಲಿ ಅಸ್ಪಷ್ಟ ಹೆಜ್ಜೆ ಅಡಗಿಬಿಡುತ್ತದೆ. ರಬ್ಬರ್ ಅಟ್ಟೆ ನೆಲಕ್ಕೆ ಕಚ್ಚುತ್ತದೆ, ಸವರಲು ಬಿಡದು. ಸಿಮೆಂಟ್ ನೆಲದಲ್ಲಿ ದಿನಾ ಕುಣಿದರೆ ಮುಂಗಣಕಾಲು ನೋಯುತ್ತದೆ. ಪ್ಲೈವುಡ್ ಹಲಗೆಯನ್ನು ಅಡಿಗೆ ಪಟ್ಟಿ ಕೊಟ್ಟು ನೆಲದಿಂದ ತುಸು ಎತ್ತರಿಸಿಕೊಳ್ಳಿ.